ಮುಖಪರಿಚಯದ ಬಲ

ವಿದ್ಯಾಭ್ಯಾಸವನ್ನು ಮುಗಿಸಿ ವೃತ್ತಿಯ ಹೊಸ್ತಿಲಲ್ಲಿ ನಿಂತ ತರುಣನಾಗಲಿ ತರುಣಿಯಾಗಲಿ, ತಮಗೆ ಆಗಿಬರುವವರು ಯಾರು ಯಾರೆಂದು ಮನಸ್ಸಿನಲ್ಲಿಯೇ ಎಣಿಕೆ ಹಾಕತೊಡಗಿದಾಗ ಮೊದಲು ನೆನಪಿಗೆ ಬರುವವರು ಮನೆಯವರು, ಬಂಧುಗಳು, ಒಂದೇ ಕೊಠಡಿಯಲ್ಲಿ ಉಂಡು ಮಲಗಿ ಓದಿದ ಗೆಳೆಯರು. ನಮ್ಮಲ್ಲಿ ಪ್ರೀತಿಯುಳ್ಳವರಿಂದಲೇ ನಮಗೆ ಉಪಕಾರವಾಗಬೇಕೆಂಬ ಈ ಭಾವನೆ ಎಷ್ಟು ಸಹಜವಾದುದೆಂದರೆ, ಅದು ನಿಜವೋ ಅಲ್ಲವೋ ಎಂದು ಲೆಕ್ಕವಿಟ್ಟು ನೋಡಬೇಕೆಂಬ ಆಲೋಚನೆ ಬಹುಜನಕ್ಕೆ ಹುಟ್ಟುವುದೇ ಇಲ್ಲ. ಹಾಗೆ ಲೆಕ್ಕವಿಟ್ಟು ನೋಡಿದವರು ಮಾರ್ಕ್ ಗ್ರಾನೊವೆಟರ್. ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಮಾಜವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ಬಾಸ್ಟನ್ ನಗರಕ್ಕೆ ಅಂಟಿಕೊಂಡಿರುವ ನ್ಯೂಟನ್ ಎಂಬ ಊರಿನಲ್ಲಿ ಆಗತಾನೆ ಕೆಲಸ ಬದಲಾಯಿಸಿದ್ದ ವೃತ್ತಿಪರರನ್ನೂ ತಂತ್ರಜ್ಞರನ್ನೂ ಆಡಳಿತಾಧಿಕಾರಿಗಳನ್ನೂ ಹುಡುಕಿಕೊಂಡು ಹೋಗಿ, ಈ ಕೆಲಸದ ಸುದ್ದಿ ನಿಮಗೆ ಯಾರಿಂದ ಬಂದಿತು, ಆ ಕಾಲದಲ್ಲಿ ಅವರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದು ವಿಚಾರಿಸಿದರು.

ಪರಿಚಿತರ ಮೂಲಕ ಕೆಲಸ ಸಿಕ್ಕಿದ 54 ಮಂದಿಯಲ್ಲಿ, ಸುದ್ದಿ ತಂದವರನ್ನು ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದವರು ನೂರಕ್ಕೆ 16.7ರಷ್ಟು ಮಾತ್ರ. ಅದಕ್ಕಿಂತ ಕಡಿಮೆಯಾಗಿ, ಆದರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಕಾಣುತ್ತಿದ್ದವರು ನೂರಕ್ಕೆ 55.6ರಷ್ಟು. ವರ್ಷಕ್ಕೊಮ್ಮೆಯೋ ಅದಕ್ಕೂ ಅಪರೂಪವಾಗಿಯೋ ಕಾಣುತ್ತಿದ್ದವರು ನೂರಕ್ಕೆ 27.8ರಷ್ಟು. ಯಾರೋ ಸ್ನೇಹಿತರು ಹೇಳಿದರೇ ಎಂದು ಕೇಳಿದಾಗ ಅನೇಕರು, ಸ್ನೇಹಿತರಲ್ಲ, ಬರಿಯ ಪರಿಚಯದವರು ಎಂದು ತಿದ್ದಿ ಉತ್ತರ ಕೊಟ್ಟರಂತೆ. ಬದುಕಿನ ದಿಕ್ಕನ್ನು ಬದಲಿಸಿದ ಮಾತು ಕೆಲವರಿಗೆ ಬಂದಿದ್ದುದು ಹಿಂದಿನ ಕಚೇರಿಯ ಸಹೋದ್ಯೋಗಿಯಿಂದ, ಅಥವಾ ಕಾಲೇಜು ಬಿಟ್ಟ ಮೇಲೆ ನೆನಪಿನಿಂದಲೇ ಜಾರಿಹೋಗಿದ್ದ ಸಹಪಾಠಿಯಿಂದ. ಆ ಭೇಟಿಯಾದರೂ ಯಾವುದೋ ಸಭೆಯಲ್ಲಿ ಆಕಸ್ಮಿಕವಾಗಿ ಒದಗಿಬಂದುದು. ಈ ವಿಷಯವನ್ನು ಕುರಿತ ಅವರ ಲೇಖನವನ್ನು 1969ರಲ್ಲಿ ಒಂದು ಪ್ರತಿಷ್ಠಿತ ಪತ್ರಿಕೆ ತಿರಸ್ಕರಿಸಿತು. 1973ರಲ್ಲಿ ಮತ್ತೊಂದು ಪತ್ರಿಕೆಯಲ್ಲಿ ‘ದುರ್ಬಲ ಬಂಧಗಳ ಬಲ’ ಎಂಬರ್ಥದ ಹೆಸರಿನಿಂದ ಪ್ರಕಟವಾದ ಅದು, ಸಮಾಜವಿಜ್ಞಾನದಲ್ಲಿ ಅತ್ಯಂತ ಹೆಚ್ಚಾಗಿ ಉಲ್ಲೇಖಿಸಲ್ಪಡುವ ಬರಹಗಳಲ್ಲಿ ಒಂದೆನಿಸಿತು.

ಇದರ ಕಾರಣವನ್ನು ತಿಳಿಯಲು ಮೂವರು ವ್ಯಕ್ತಿಗಳನ್ನು ಕಲ್ಪಿಸಿಕೊಂಡರೆ ಸಾಕು. ನನಗೆ ಇಬ್ಬರು ಆಪ್ತಮಿತ್ರರಿದ್ದರೆ, ಇಬ್ಬರೊಡನೆಯೂ ನಾನು ದೀರ್ಘಕಾಲ ಕಳೆಯುವುದರಿಂದ ಅವರಿಬ್ಬರೂ ಇಂದಲ್ಲ ನಾಳೆ ಪರಸ್ಪರ ಪರಿಚಿತರಾಗಿಯೇ ತೀರುತ್ತಾರೆ. ನನ್ನನ್ನು ಮೆಚ್ಚುವ ಸ್ವಭಾವದವರಾದ ಅವರು ಒಬ್ಬರನ್ನೊಬ್ಬರು ಮೆಚ್ಚುವ ಸಂಭವವೂ ಹೆಚ್ಚು. ಹೀಗೆ ಗಾಢವಾದ ಸ್ನೇಹಗಳೆಲ್ಲ ಒಳಕ್ಕೆ ಬಾಗಿ ತಮ್ಮತಮ್ಮಲ್ಲೇ ಹೆಣೆದುಕೊಂಡು ಒಂದು ಮಂಡಲವಾಗುತ್ತವೆ. ಆ ಮಂಡಲದಲ್ಲಿ ಒಬ್ಬನಿಗೆ ತಿಳಿದುದು ಎಲ್ಲರಿಗೂ ತಿಳಿದಿರುತ್ತದೆ, ಒಬ್ಬನಿಗೆ ತಿಳಿಯದುದು ಸಾಮಾನ್ಯವಾಗಿ ಯಾರಿಗೂ ತಿಳಿದಿರುವುದಿಲ್ಲ. ಮುಖಪರಿಚಯದವನ ವಿಷಯ ಹಾಗಲ್ಲ. ಅವನು ತನ್ನದೇ ಆದ ಇನ್ನೊಂದು ಮಂಡಲದಲ್ಲಿ ಬಾಳುವವನು, ನಮ್ಮ ಕಿವಿಗೆ ಎಂದೂ ಬೀಳದ ಸುದ್ದಿಗಳ ನಡುವೆ ಓಡಾಡುವವನು. ಅವನೊಡನೆ ನಮಗಿರುವ ತೆಳುವಾದ ಸಂಬಂಧ ಎರಡು ಮಂಡಲಗಳ ನಡುವಣ ಏಕಮಾತ್ರ ಸೇತುವೆಯಾಗಿರುವುದು ಸಾಧ್ಯ. ಸೇತುವೆಯಾಗಬಲ್ಲ ಬಂಧಗಳು ಬಹುಮಟ್ಟಿಗೆ ದುರ್ಬಲ ಬಂಧಗಳೇ ಎಂಬುದು ಗ್ರಾನೊವೆಟರರ ವಾದದ ತಿರುಳು.

ನ್ಯೂಟನ್ನಿನ ಐವತ್ತನಾಲ್ಕು ಜನರ ಮಾತನ್ನು ನೆಚ್ಚಿ ಲೋಕದ ನಿಯಮವನ್ನು ಹೇಳಬಹುದೇ ಎಂಬ ಸಂಶಯ ನ್ಯಾಯವಾದುದೇ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಿಂಕ್ಡ್‌ಇನ್ ಜಾಲದ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷಗಳ ಅವಧಿಯಲ್ಲಿ ಪರೀಕ್ಷೆಗೆ ಒಳಪಡಿಸಲಾಗಿತ್ತು. ‘ಇವರು ನಿಮಗೆ ಪರಿಚಿತರಿರಬಹುದು’ ಎಂದು ತೋರಿಸುವ ಸೂಚನೆಗಳನ್ನು ಕೆಲವರಿಗೆ ಒಂದು ಬಗೆಯಾಗಿಯೂ ಕೆಲವರಿಗೆ ಇನ್ನೊಂದು ಬಗೆಯಾಗಿಯೂ ಬದಲಿಸಿ, ಅದರಿಂದ ಹುಟ್ಟಿದ ಸುಮಾರು 200 ಕೋಟಿ ಹೊಸ ಸಂಪರ್ಕಗಳನ್ನೂ 6 ಲಕ್ಷ ಹೊಸ ಉದ್ಯೋಗಗಳನ್ನೂ ಸಂಶೋಧಕರು ತಾಳೆನೋಡಿದರು. ದುರ್ಬಲ ಬಂಧಗಳು ಹೆಚ್ಚು ಉಪಯುಕ್ತವೆಂಬುದು ಸ್ಥೂಲವಾಗಿ ಸ್ಥಿರಪಟ್ಟಿತು. ಆದರೆ ಒಂದು ತಿದ್ದುಪಡಿಯೊಡನೆ. ಅತ್ಯಂತ ಹೆಚ್ಚು ಫಲಕೊಟ್ಟವು ತೀರ ದುರ್ಬಲವಾದ ಬಂಧಗಳಲ್ಲ, ಮಧ್ಯಮವಾಗಿ ದುರ್ಬಲವಾದವು, ಎಂದರೆ ಇಬ್ಬರಿಗೂ ಸಮಾನರಾದ ಪರಿಚಿತರು ಕೆಲವರಾದರೂ ಇದ್ದಂಥವು. ಯಾರೊಬ್ಬರ ಮಧ್ಯಸ್ಥಿಕೆಯೂ ಇಲ್ಲದ, ಹೆಸರು ಬಿಟ್ಟು ಬೇರೇನೂ ತಿಳಿಯದ ಸಂಪರ್ಕಗಳಿಂದ ಒದಗುವ ಪ್ರಯೋಜನ ಮತ್ತೆ ಇಳಿಮುಖವಾಗುತ್ತದೆ. ಸಾವಿರಾರು ಹೆಸರುಗಳನ್ನು ಕೂಡಿಹಾಕಿ ಅದನ್ನೇ ನೆಟ್‌ವರ್ಕಿಂಗ್ ಎಂದುಕೊಳ್ಳುವ ನಮ್ಮ ಕಾಲದ ಯುವಜನರು ಈ ತಿದ್ದುಪಡಿಯನ್ನು ಮನನಮಾಡಬೇಕು.

ಇಷ್ಟಾದರೂ ಈ ಸಿದ್ಧಾಂತ ಹೇಳುವುದು ಸುದ್ದಿ ಹರಿಯುವ ಮಾರ್ಗವನ್ನು. ಆ ಮಾರ್ಗದಲ್ಲಿ ನಂಬಿಕೆ ಹೇಗೆ ಸಂಚರಿಸುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಚೀನಾದ ತಿಯಾನ್‌ಜಿನ್ ನಗರದಲ್ಲಿ 1988ರಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಪರಿಶೀಲಿಸಿದ ಯಾಂಜಿಯೆ ಬಿಯಾನ್ ಎಂಬ ವಿದ್ವಾಂಸರು, ಸರ್ಕಾರವೇ ಉದ್ಯೋಗಗಳನ್ನು ಹಂಚುತ್ತಿದ್ದ ಆ ವ್ಯವಸ್ಥೆಯಲ್ಲಿ ಜನರಿಗೆ ಒದಗಿದ್ದು ದುರ್ಬಲ ಬಂಧಗಳಲ್ಲ, ಅಧಿಕಾರಸ್ಥರನ್ನು ಮುಟ್ಟಬಲ್ಲ ಗಾಢಬಂಧಗಳೇ ಎಂದು ತೋರಿಸಿದರು. ಅಲ್ಲಿ ಬೇಕಾಗಿದ್ದುದು ಸುದ್ದಿಯಲ್ಲ, ಪ್ರಭಾವ. ನಮ್ಮ ಜನ ವಶೀಲಿ ಎನ್ನುವುದು ಇದನ್ನೇ. ವಶೀಲಿಯ ಲಕ್ಷಣವೇನೆಂದರೆ, ಅದರಲ್ಲಿ ಅಭ್ಯರ್ಥಿಯ ಕೆಲಸವನ್ನು ಯಾರೂ ತೆರೆದು ನೋಡುವುದಿಲ್ಲ. ನೋಡುವುದು ಹೇಳಿಕಳಿಸಿದವನ ಮುಖವನ್ನು. ದೂರದ ಪರಿಚಯಕ್ಕೆ ಆ ಸೌಲಭ್ಯವಿಲ್ಲ. ನಮ್ಮನ್ನು ಅಷ್ಟಾಗಿ ಬಲ್ಲವನಲ್ಲದ ಮನುಷ್ಯ ತನ್ನ ಮರ್ಯಾದೆಯನ್ನು ಪಣವಾಗಿಟ್ಟು ನಮ್ಮ ಪರವಾಗಿ ಇನ್ನೊಬ್ಬನಿಗೆ ಎರಡು ಸಾಲು ಬರೆಯಬೇಕಾದರೆ, ಅವನ ಕೈಗೆ ನಾವು ನಮ್ಮ ಅನುಪಸ್ಥಿತಿಯಲ್ಲಿಯೂ ಮಾತನಾಡಬಲ್ಲ ಏನನ್ನಾದರೂ ಕೊಟ್ಟಿರಬೇಕು. ಈ ಅಧ್ಯಾಯದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅದಕ್ಕೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಬದುಕಿನ ನಾಲ್ಕು ವರ್ಷಗಳಿಗಿಂತ ಉತ್ತಮವಾದ ನಿದರ್ಶನ ನನಗೆ ಕಾಣದು.

ರಾಮಾನುಜನ್ನರ ಕಥೆಯನ್ನು ನಾವು ಸಾಮಾನ್ಯವಾಗಿ ಹೇಳುವುದು ಪವಾಡದ ಧಾಟಿಯಲ್ಲಿ: ಮದರಾಸಿನ ಬಡ ಗುಮಾಸ್ತನೊಬ್ಬ ಕೇಂಬ್ರಿಡ್ಜಿಗೆ ಕಾಗದ ಬರೆದನು, ಅಲ್ಲಿನ ಗಣಿತಜ್ಞ ಹಾರ್ಡಿ ಅವನನ್ನು ಗುರುತಿಸಿದರು ಎಂದು. 1910ರಿಂದ 1914ರವರೆಗಿನ ಘಟನೆಗಳನ್ನು ಒಂದಾದ ಮೇಲೊಂದರಂತೆ ಇಟ್ಟು ನೋಡಿದರೆ ಅಲ್ಲಿ ಕಾಣುವುದು ಪವಾಡಕ್ಕಿಂತ ಹೆಚ್ಚಾಗಿ ಮುಖಪರಿಚಯಗಳ ಒಂದು ದೀರ್ಘವಾದ ಸರಪಣಿ. ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಮದರಾಸಿನ ಪಚ್ಚಯ್ಯಪ್ಪ ಕಾಲೇಜಿನಲ್ಲಿಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ, 1909ರಲ್ಲಿ ಮದುವೆಯಾಗಿ ಸಂಸಾರದ ಹೊಣೆಯೂ ಬಿದ್ದ ಮೇಲೆ, ಅವರು ತಮ್ಮ ನೋಟುಪುಸ್ತಕವನ್ನು ಹಿಡಿದುಕೊಂಡು 1910ರಲ್ಲಿ ತಿರುಕ್ಕೋವಿಲೂರಿಗೆ ಹೋಗಿ ಅಲ್ಲಿನ ಡೆಪ್ಯುಟಿ ಕಲೆಕ್ಟರರಾಗಿದ್ದ ವಿ. ರಾಮಸ್ವಾಮಿ ಅಯ್ಯರರನ್ನು ಕಂಡರು. ಕೇಳಿದ್ದು ತಾಲೂಕು ಕಚೇರಿಯಲ್ಲಿ ಒಂದು ಗುಮಾಸ್ತೆಯ ಕೆಲಸವನ್ನು. ರಾಮಸ್ವಾಮಿ ಅಯ್ಯರರಾದರೋ 1907ರಲ್ಲಿ ಭಾರತೀಯ ಗಣಿತಸಂಘವನ್ನು ಸ್ಥಾಪಿಸಿದವರು. ನೋಟುಪುಸ್ತಕವನ್ನು ತಿರುವಿಹಾಕಿ, ಇಂಥವನನ್ನು ಕಂದಾಯ ಇಲಾಖೆಯ ತಳದಲ್ಲಿ ಹೂತುಬಿಡುವುದು ತಕ್ಕುದಲ್ಲವೆಂದು ಬಗೆದು, ಮದರಾಸಿನಲ್ಲಿದ್ದ ತಮ್ಮ ಗಣಿತಮಿತ್ರರಿಗೆ ಪತ್ರ ಕೊಟ್ಟು ಕಳಿಸಿದರು. ಕೇಳಿದ ಕೆಲಸವನ್ನು ಕೊಡದೆಯೇ ಮಾಡಿದ ಈ ಉಪಕಾರ ಎಷ್ಟು ದೊಡ್ಡದೆಂಬುದು ಆ ದಿನ ಆ ತರುಣನಿಗೆ ತಿಳಿದಿತ್ತೋ ಇಲ್ಲವೋ!

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಪಿ. ವಿ. ಶೇಷು ಅಯ್ಯರರು ಹಿಂದೆ ಕುಂಭಕೋಣದಲ್ಲಿ ರಾಮಾನುಜನ್ನರಿಗೆ ಪಾಠ ಹೇಳಿದವರು. ಹಲವು ವರ್ಷ ಸುಪ್ತವಾಗಿದ್ದ ಆ ಸಂಬಂಧ ಹೀಗೆ ಮತ್ತೆ ಎಚ್ಚೆತ್ತುಕೊಂಡಿತು. ಹಳೆಯ ಪರಿಚಯವೊಂದನ್ನು ಮತ್ತೆ ಮುಂದುವರಿಸುವುದರಿಂದ ದೊರೆಯುವ ಸಲಹೆ ನಿತ್ಯದ ಒಡನಾಡಿಗಳ ಸಲಹೆಗೆ ಏನೇನೂ ಕಡಿಮೆಯಲ್ಲವೆಂದು, ಉದ್ಯಮಗಳ ಹಿರಿಯ ಅಧಿಕಾರಿಗಳನ್ನು ಅಂಥ ಪರಿಚಿತರ ಬಳಿಗೆ ಕಳಿಸಿ ನೋಡಿದ 2011ರ ಒಂದು ಅಧ್ಯಯನ ಹೇಳಿದೆ. ಅಲ್ಲಿ ವಿಶ್ವಾಸ ಹಳೆಯದು, ಸುದ್ದಿ ಹೊಸದು. ಶೇಷು ಅಯ್ಯರರ ಪತ್ರದೊಡನೆ ರಾಮಾನುಜನ್ನರು ನೆಲ್ಲೂರಿನ ಕಲೆಕ್ಟರರಾಗಿದ್ದ ಆರ್. ರಾಮಚಂದ್ರರಾಯರ ಬಳಿಗೆ ಹೋದರು. ರಾಯರು ಸುಲಭವಾಗಿ ಒಲಿಯಲಿಲ್ಲ. ಕುಂಭಕೋಣದ ಹಳೆಯ ಪರಿಚಿತರೊಬ್ಬರು ನಡುವೆ ನಿಂತು ಮತ್ತೆ ಮತ್ತೆ ಭೇಟಿ ಮಾಡಿಸಬೇಕಾಯಿತು. ಮೊದಲು ಸುಲಭವಾದ ಫಲಿತಗಳು, ಅನಂತರ ದೀರ್ಘವೃತ್ತೀಯ ಅನುಕಲಗಳು, ಕೊನೆಗೆ ಅಪಸಾರಿ ಶ್ರೇಢಿಗಳು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಮೇಲೆಯೇ ಅವರ ಸಂಶಯ ಕರಗಿದ್ದು. ನಿನಗೇನು ಬೇಕೆಂದು ಕೇಳಿದಾಗ ಆ ತರುಣ ಬೇಡಿದ್ದು, ಸಂಶೋಧನೆಯನ್ನು ಮುಂದುವರಿಸುವುದಕ್ಕೆ ಸಾಕಾಗುವಷ್ಟು ಹೊಟ್ಟೆಬಟ್ಟೆಯ ಆಧಾರವನ್ನು ಮಾತ್ರ. ರಾಯರು ತಮ್ಮ ಕೈಯಿಂದಲೇ ತಿಂಗಳಿಗೆ 25 ರೂಪಾಯಿ ಕಳಿಸತೊಡಗಿದರು.

ಈ ನಡುವೆ ಬೆಂಗಳೂರೂ ಈ ಸರಪಣಿಯಲ್ಲಿ ಒಂದು ಕೊಂಡಿಯಾಯಿತು. ಗಣಿತಸಂಘದ ಪತ್ರಿಕೆಯ ಸಂಪಾದಕರಾಗಿದ್ದ ಎಂ. ಟಿ. ನಾರಾಯಣ ಅಯ್ಯಂಗಾರ್ಯರು ಇಲ್ಲಿನ ಸೆಂಟ್ರಲ್ ಕಾಲೇಜಿನ ಗಣಿತ ಪ್ರಾಧ್ಯಾಪಕರು. 1911ರಲ್ಲಿ ರಾಮಾನುಜನ್ನರು ಆ ಪತ್ರಿಕೆಯ ಓದುಗರ ಮುಂದೆ ಇಟ್ಟ ಒಂದು ಪ್ರಶ್ನೆ ಪ್ರಸಿದ್ಧವಾಗಿದೆ: 1ಕ್ಕೆ 2ರಷ್ಟು ಒಂದು ವರ್ಗಮೂಲವನ್ನು ಕೂಡಿಸಿ, ಆ ವರ್ಗಮೂಲದೊಳಗೆ 1ಕ್ಕೆ 3ರಷ್ಟು ಇನ್ನೊಂದು ವರ್ಗಮೂಲವನ್ನು ಕೂಡಿಸಿ, ಅದರೊಳಗೆ ಮತ್ತೆ 4ರಷ್ಟು, 5ರಷ್ಟು ಎಂದು ಕೊನೆಯಿಲ್ಲದೆ ಒಳಹೊಕ್ಕು, ಇಡೀ ಮೊತ್ತದ ವರ್ಗಮೂಲವನ್ನು ತೆಗೆದರೆ ಬರುವ ಬೆಲೆ ಎಷ್ಟು? ಯಾರೂ ಉತ್ತರವನ್ನು ಕಳಿಸದಿರಲು ಅವರೇ ಅದನ್ನು ಬಿಡಿಸಿ ತೋರಿಸಿದರು, ಉತ್ತರ 3. ಅದೇ ವರ್ಷ ಬರ್ನೌಲಿ ಸಂಖ್ಯೆಗಳನ್ನು ಕುರಿತ ಅವರ ಮೊದಲನೆಯ ಪ್ರಬಂಧ ಪ್ರಕಟವಾಯಿತು. ಆದರೆ ಅದಕ್ಕೆ ಮುನ್ನ ಹಸ್ತಪ್ರತಿ ಬೆಂಗಳೂರಿಗೂ ಮದರಾಸಿಗೂ ಹಲವು ಸಲ ಓಡಾಡಬೇಕಾಯಿತು. ವಿಧಾನಗಳು ಹೊಸವು, ಹೇಳಿಕೆ ತೀರ ಅಡಕ, ಸಾಮಾನ್ಯ ಓದುಗನು ಹಿಂಬಾಲಿಸಲಾರನೆಂದು ಸಂಪಾದಕರು ಅದನ್ನು ಮತ್ತೆ ಮತ್ತೆ ತಿದ್ದಿಸಿದರು. ಒಬ್ಬ ತರುಣನ ಬರಹವನ್ನು ಮೆಚ್ಚಿ ಸುಮ್ಮನಾಗುವುದು ಸುಲಭ, ತಳ್ಳಿಬಿಡುವುದು ಅದಕ್ಕಿಂತ ಸುಲಭ; ತಿದ್ದಿಕೊಂಡು ಬಾ ಎಂದು ಹಿಂದಿರುಗಿಸಿ, ಬಂದುದನ್ನು ಮತ್ತೆ ಓದುವವರು ವೃತ್ತಿಜೀವನದಲ್ಲಿ ದೊರೆಯುವ ಅತ್ಯಂತ ಬೆಲೆಯುಳ್ಳ ಪರಿಚಿತರೆಂದು ನಾನು ದೃಢವಾಗಿ ನಂಬಿದ್ದೇನೆ.

1912ರ ಮಾರ್ಚಿ 1ರಂದು ರಾಮಾನುಜನ್ನರು ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು. ಅಲ್ಲಿನ ಹಿರಿಯ ಅಧಿಕಾರಿಗಳಲ್ಲಿ ಒಬ್ಬರಾಗಿದ್ದ ಎಸ್. ನಾರಾಯಣ ಅಯ್ಯರರು ಗಣಿತಸಂಘದ ಕೋಶಾಧಿಕಾರಿಗಳೂ ಆಗಿದ್ದರು. ರಾತ್ರಿ ಊಟವಾದ ಮೇಲೆ ತಿರುವಲ್ಲಿಕ್ಕೇಣಿಯ ಪೈಕ್ರಾಫ್ಟ್ಸ್ ರಸ್ತೆಯ ಮನೆಯಲ್ಲಿ ಇಬ್ಬರೂ ಎರಡು ದೊಡ್ಡ ಸ್ಲೇಟುಗಳನ್ನು ಹಿಡಿದು ಕೂತರೆ, ಬಳಪದ ಸಪ್ಪಳ ಬಹಳ ಹೊತ್ತಿನವರೆಗೆ ಕೇಳಿಸುತ್ತಿತ್ತು. ಒಂದು ಪಂಕ್ತಿಯಿಂದ ಮುಂದಿನ ಪಂಕ್ತಿಗೆ ಹಾರಿಬಿಡುವ ಕಿರಿಯನನ್ನು ತಡೆದು, ನನಗೇ ಅರ್ಥವಾಗದಿದ್ದರೆ ಬೇರೆಯವರಿಗೆ ಹೇಗೆ ಆದೀತು, ನಡುವಣ ಹೆಜ್ಜೆಗಳನ್ನೆಲ್ಲ ಬರೆ ಎಂದು ಹಿರಿಯರು ಒತ್ತಾಯಪಡಿಸುತ್ತಿದ್ದರು. ಕಚೇರಿಯ ಅಧ್ಯಕ್ಷರಾದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರಿಗೆ ಈ ಗುಮಾಸ್ತನ ಯೋಗ್ಯತೆಯನ್ನು ಮನಗಾಣಿಸಿದವರೂ ಇವರೇ. ಮೇಲಧಿಕಾರಿಗೂ ಕೈಕೆಳಗಿನ ನೌಕರನಿಗೂ ನಡುವೆ ಹುಟ್ಟಿದ ಈ ಸಂಬಂಧಕ್ಕೆ ಯಾವ ಬೇಡಿಕೆಯೂ ತಳಹದಿಯಾಗಿರಲಿಲ್ಲ. ಇಬ್ಬರ ಕಣ್ಣೂ ಒಂದೇ ಸ್ಲೇಟಿನ ಮೇಲಿತ್ತು.

1913ರ ಜನವರಿ 16ರ ಕಾಗದವನ್ನು ಇಷ್ಟರ ಹಿನ್ನೆಲೆಯಲ್ಲಿ ಓದಬೇಕು. ಹಾರ್ಡಿಯವರಿಗಿಂತ ಮೊದಲೇ ಕೇಂಬ್ರಿಡ್ಜಿನ ಎಚ್. ಎಫ್. ಬೇಕರ್ ಮತ್ತು ಇ. ಡಬ್ಲ್ಯೂ. ಹಾಬ್ಸನ್ ಎಂಬಿಬ್ಬರು ಗಣಿತಜ್ಞರಿಗೆ ಬರೆದದ್ದಾಗಿತ್ತು. ಅವರಿಂದ ಯಾವ ನೆರವೂ ಒದಗಲಿಲ್ಲ. ಹಾರ್ಡಿಯವರಿಗೆ ಬರೆದ ಕಾಗದದಲ್ಲಿ ತಾನು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತನೆಂದೂ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲದವನೆಂದೂ ಎರಡು ಮೂರು ವಾಕ್ಯಗಳಲ್ಲಿ ಮರೆಮಾಚದೆ ಹೇಳಿಕೊಂಡು, ಒಡನೆಯೇ ಹಾರ್ಡಿಯವರೇ 1910ರಲ್ಲಿ ಪ್ರಕಟಿಸಿದ್ದ ಚಿಕ್ಕ ಪುಸ್ತಕವೊಂದರ 36ನೆಯ ಪುಟಕ್ಕೆ ಬರುತ್ತಾರೆ. ಒಂದು ಸಂಖ್ಯೆಗಿಂತ ಕಡಿಮೆಯಿರುವ ಅವಿಭಾಜ್ಯ ಸಂಖ್ಯೆಗಳೆಷ್ಟು ಎಂಬುದಕ್ಕೆ ಖಚಿತವಾದ ಸೂತ್ರ ಇನ್ನೂ ದೊರೆತಿಲ್ಲವೆಂದು ಅಲ್ಲಿ ಹೇಳಿತ್ತು; ನಿಜವಾದ ಬೆಲೆಗೆ ಬಹು ಹತ್ತಿರ ಬರುವ, ದೋಷ ನಗಣ್ಯವಾದ ಸೂತ್ರವೊಂದು ನನಗೆ ದೊರೆತಿದೆ ಎಂದು ಕಾಗದ ಹೇಳಿತು. ಅದರ ಜೊತೆಯಲ್ಲಿ ಹಾಳೆಗಳ ತುಂಬ ಪ್ರಮೇಯಗಳು. ಕೊನೆಯ ಕೋರಿಕೆ ಇಷ್ಟೇ: ತಾನು ಬಡವ, ಇವುಗಳಲ್ಲಿ ಬೆಲೆಯುಳ್ಳದ್ದೇನಾದರೂ ಇದ್ದರೆ ಪ್ರಕಟವಾಗಲಿ, ಅನುಭವವಿಲ್ಲದ ತನಗೆ ಸಲಹೆ ದೊರೆತರೆ ಉಪಕಾರವಾದೀತು.

ಉದ್ಯೋಗ ಕೇಳಿಲ್ಲ, ಭೇಟಿ ಕೇಳಿಲ್ಲ. ಬರೆದವನು ತಮ್ಮ ಪುಸ್ತಕವನ್ನು ಪುಟಪುಟವಾಗಿ ಓದಿದ್ದಾನೆಂಬುದು ಮೊದಲ ಪುಟದಲ್ಲಿಯೇ ಹಾರ್ಡಿಯವರಿಗೆ ತಿಳಿಯುತ್ತದೆ. ಇನ್ನೂ ಗಮನಿಸಬೇಕಾದದ್ದೆಂದರೆ, ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ ರಾಮಾನುಜನ್ನರು ಹೇಳಿಕೊಂಡದ್ದು ಸರಿಯಾಗಿರಲಿಲ್ಲ. ಹಾಗಿದ್ದೂ ಸಂಬಂಧ ಮುರಿಯಲಿಲ್ಲ. ತಮ್ಮ ಸಹೋದ್ಯೋಗಿ ಲಿಟಲ್‌ವುಡ್ಡರೊಡನೆ ಕುಳಿತು ಉಳಿದ ಪ್ರಮೇಯಗಳನ್ನು ಪರಿಶೀಲಿಸಿದ ಹಾರ್ಡಿ, ಫೆಬ್ರವರಿ 8ರಂದು ಉಪಪತ್ತಿಗಳನ್ನು ಕಳಿಸೆಂದು ಕೇಳಿ ಉತ್ತರ ಬರೆದರು. ಕೆಲಸವನ್ನು ಎದುರಿಗಿಟ್ಟವನ ಒಂದು ತಪ್ಪು ಮುಂದಿನ ಮಾತುಕತೆಗೆ ವಿಷಯವಾಗುತ್ತದೆ. ಯೋಗ್ಯತಾಪತ್ರಗಳನ್ನು ಮಾತ್ರ ಎದುರಿಗಿಟ್ಟವನಿಗೆ ಆ ಅವಕಾಶ ಸಿಕ್ಕುವುದು ಕಷ್ಟ.

ಅದೇ ಫೆಬ್ರವರಿ 25ರಂದು ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿದ್ದ ಗಿಲ್ಬರ್ಟ್ ವಾಕರ್ ಮದರಾಸಿಗೆ ಬಂದಾಗ ಸ್ಪ್ರಿಂಗ್ ಅವರು ರಾಮಾನುಜನ್ನರ ಕೆಲಸವನ್ನು ಅವರಿಗೆ ತೋರಿಸಿದರು. ವಾಕರರು ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನ ಗಣಿತಜ್ಞರೇ ಆಗಿದ್ದವರು. ಮರುದಿನವೇ ಮದರಾಸು ವಿಶ್ವವಿದ್ಯಾನಿಲಯಕ್ಕೆ ಬರೆದರು. ಪದವಿಯಿಲ್ಲದವನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಎರಡು ವರ್ಷದ ಅವಧಿಗೆ ಮಂಜೂರಾಯಿತು.

ಈ ಸರಪಣಿಯನ್ನು ಮೆಚ್ಚುವಾಗಲೇ ಅದರ ಒಂದು ಕೊರತೆಯನ್ನು ಹೇಳದೆ ಬಿಡಲಾಗದು. ಇದರ ಭಾರತೀಯ ಕೊಂಡಿಗಳೆಲ್ಲ ಬಹುಮಟ್ಟಿಗೆ ಇಂಗ್ಲಿಷ್ ಕಲಿತು ಸರ್ಕಾರದ ಅಥವಾ ಕಾಲೇಜಿನ ಹುದ್ದೆಗಳಲ್ಲಿದ್ದ ಬ್ರಾಹ್ಮಣರೇ. ತಮ್ಮಂತಿರುವವರೊಡನೆಯೇ ಸೇರುವುದು ಮನುಷ್ಯರ ಪ್ರವೃತ್ತಿಯೆಂಬುದನ್ನು ಸಮಾಜವಿಜ್ಞಾನ ಅನೇಕ ದೇಶಗಳಲ್ಲಿ ಎಣಿಸಿ ತೋರಿಸಿದೆ; ನಮ್ಮ ದೇಶದಲ್ಲಿ ಆ ಪ್ರವೃತ್ತಿಗೆ ಜಾತಿ ಎಂಬ ಗೋಡೆಯೂ ಸೇರಿತು. ಅದೇ ಕುಂಭಕೋಣದಲ್ಲಿ ಅಷ್ಟೇ ಪ್ರತಿಭೆಯುಳ್ಳ ಒಕ್ಕಲಿನ ಹುಡುಗನೊಬ್ಬನಿದ್ದಿದ್ದರೆ, ಅವನ ನೋಟುಪುಸ್ತಕ ಡೆಪ್ಯುಟಿ ಕಲೆಕ್ಟರರ ಮೇಜನ್ನು ಮುಟ್ಟುತ್ತಿತ್ತೆಂದು ಹೇಳಲು ನನಗೆ ಧೈರ್ಯವಿಲ್ಲ. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಕಳೆದ ಶತಮಾನದಲ್ಲಿ ಕಟ್ಟಲ್ಪಟ್ಟ ಉಚಿತ ವಿದ್ಯಾರ್ಥಿನಿಲಯಗಳು ಹಳ್ಳಿಯ ಮಕ್ಕಳಿಗೆ ಅನ್ನವನ್ನು ಮಾತ್ರವೇ ನೀಡಲಿಲ್ಲ. ತಮ್ಮ ಊರಿನಲ್ಲಿ ಎಂದಿಗೂ ದೊರೆಯದಿದ್ದ ಮುಖಪರಿಚಯಗಳನ್ನೂ ನೀಡಿದವು. ಇಂದು ಮನೆತನದಲ್ಲಿ ಮೊದಲಿಗನಾಗಿ ಪದವಿ ಪಡೆದು ಬೆಂಗಳೂರಿನ ಕಂಪನಿಯೊಂದಕ್ಕೆ ಬರುವ ಹುಡುಗ, ರೆಫರಲ್ ಎಂಬ ಪದ್ಧತಿ ಇದೆಯೆಂದು ತಿಳಿಯುವ ಹೊತ್ತಿಗೆ ಅರ್ಧ ಹುದ್ದೆಗಳು ತುಂಬಿಹೋಗಿರಬಹುದು. ಸೇತುವೆ ಕಟ್ಟುವ ಹೊಣೆಯನ್ನೆಲ್ಲ ಅವನ ತಲೆಯ ಮೇಲೆಯೇ ಹೊರಿಸುವುದು ಅನ್ಯಾಯ. ರಾಮಸ್ವಾಮಿ ಅಯ್ಯರರ ಸ್ಥಾನದಲ್ಲಿ ಈಗ ಕುಳಿತಿರುವವರು ಅಪರಿಚಿತನು ತಂದ ಪುಸ್ತಕವನ್ನು ತೆರೆದು ನೋಡುವ ಅರ್ಧಗಂಟೆಯನ್ನು ತಮ್ಮ ಕರ್ತವ್ಯವೆಂದೇ ಎಣಿಸಬೇಕು.

ಇನ್ನು ಪರಿಚಯವನ್ನು ಕಾಪಾಡಿಕೊಳ್ಳುವ ವಿಷಯ. ಇದರಲ್ಲಿ ಯುವಜನರು ಸಾಮಾನ್ಯವಾಗಿ ಎಡವುವುದು ಎರಡನೆಯ ಪತ್ರದಲ್ಲಿ. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ. ಉತ್ತರ ಬಂದು ಸಲಹೆ ದೊರೆತ ಮೇಲೆ, ಆ ಸಲಹೆಯಿಂದ ಏನಾಯಿತೆಂದು ತಿಳಿಸುವವರು ವಿರಳ. ಸಲಹೆ ಕೊಟ್ಟವರಿಗೆ ಹೊಗಳಿಕೆ ಬೇಕಿಲ್ಲ, ಹಬ್ಬದ ಶುಭಾಶಯವೂ ಬೇಕಿಲ್ಲ; ತಾವು ಹೇಳಿದ ಪುಸ್ತಕವನ್ನು ಓದಿದನೇ, ತಾವು ತೋರಿಸಿದ ದೋಷವನ್ನು ತಿದ್ದಿಕೊಂಡನೇ, ಕೆಲಸ ಎಲ್ಲಿಗೆ ಬಂದಿತು ಎಂಬುದನ್ನು ಕೇಳುವ ಕುತೂಹಲವಿರುತ್ತದೆ. ವಿಶ್ವವಿದ್ಯಾನಿಲಯವು ರಾಮಾನುಜನ್ನರಿಗೆ ವೇತನವನ್ನು ಕೊಡುವಾಗ ಮೂರು ತಿಂಗಳಿಗೊಮ್ಮೆ ಕೆಲಸದ ವರದಿಯನ್ನು ಒಪ್ಪಿಸಬೇಕೆಂಬ ನಿಬಂಧನೆಯನ್ನು ಹಾಕಿತ್ತು. 1913ರ ಆಗಸ್ಟ್ 5ರಂದು ಅವರು ಒಪ್ಪಿಸಿದ ಮೊದಲ ವರದಿಯಲ್ಲಿಯೇ ಇಂದು ಗಣಿತಜ್ಞರು ರಾಮಾನುಜನ್ನರ ಪ್ರಧಾನ ಪ್ರಮೇಯವೆಂದು ಕರೆಯುವ ಫಲಿತವಿದೆ. ಎರಡನೆಯ ವರದಿ ನವೆಂಬರಿನಲ್ಲಿ ಹೋಯಿತು. 1914ರ ಆರಂಭದಲ್ಲಿ ಹಾರ್ಡಿಯವರ ಸಹೋದ್ಯೋಗಿ ಇ. ಎಚ್. ನೆವಿಲ್ ಮದರಾಸಿಗೆ ಬಂದು, ಅವರನ್ನು ಇಂಗ್ಲೆಂಡಿಗೆ ಕಳಿಸುವ ಏರ್ಪಾಟೆಲ್ಲ ನಡೆದು, ಪ್ರಯಾಣದ ದಿನ ಗೊತ್ತಾಗಿ, ಉಡುಪಿನಿಂದ ಮೊದಲುಗೊಂಡು ಊಟದವರೆಗೆ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗಿದ್ದ ಆ ಗಡಿಬಿಡಿಯ ವಾರಗಳಲ್ಲಿಯೂ ಅವರು ಮೂರನೆಯ ವರದಿಯನ್ನು ಬರೆದು, ಮಾರ್ಚಿ 9ರಂದು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿ, 17ರಂದು ಹಡಗನ್ನೇರಿದರು.